ಅಕ್ಕಿಹಿಟ್ಟು ಒಣಗುವ ಹೊತ್ತು: ಚಿತ್ರಕಲಾ ಪಾಠದಲ್ಲಿ ಊರಿನ ಸಾಮಗ್ರಿ

ಅಭ್ಯಾಸ ಬೋಧನೆಯ ಅವಲೋಕನ ನಮೂನೆಯಲ್ಲಿ ‘ಬೋಧನೋಪಕರಣಗಳ ಬಳಕೆ’ ಎಂಬ ಕಲಂ ಇರುವುದು ಈ ಪತ್ರಿಕೆಯ ಓದುಗರಿಗೆಲ್ಲ ಗೊತ್ತು. ಅಲ್ಲಿ ನಾವು ಮಾರ್ಗದರ್ಶಕರು ಹೆಚ್ಚು ಸಲ ಬರೆಯುವ ವಾಕ್ಯ ಬಹುಶಃ ಇದು: ‘ಸ್ಥಳೀಯವಾಗಿ ದೊರೆಯುವ ಕಡಿಮೆ ವೆಚ್ಚದ ಸಾಮಗ್ರಿಗಳನ್ನು ಬಳಸಿಕೊಂಡಿದ್ದಾರೆ.’ ಇದು ಹೊಗಳಿಕೆಯ ಮಾತೇ. ಆದರೆ ‘ಸ್ಥಳೀಯ’ ಮತ್ತು ‘ಕಡಿಮೆ ವೆಚ್ಚ’ ಎಂಬ ಎರಡು ಪದಗಳು ಸದಾ ಜೊತೆಯಲ್ಲಿ ಓಡಾಡುವುದರಿಂದ ಒಂದು ಅರ್ಥ ತಾನಾಗಿ ಸೇರಿಕೊಳ್ಳುತ್ತದೆ. ದುಡ್ಡಿದ್ದರೆ ಬೇರೇನನ್ನೋ ತರುತ್ತಿದ್ದೆವು, ಇಲ್ಲದ್ದರಿಂದ ಮಣ್ಣು, ಹಿಟ್ಟು, ನಾರು ತಂದೆವು ಎಂಬ ಅರ್ಥ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಲೆಗಳಿಗೆ ಪ್ರಶಿಕ್ಷಣಾರ್ಥಿಗಳ ಜೊತೆ ಹೋಗಿ ಬರುವ ನನಗೆ, ಚಿತ್ರಕಲೆಯ ಪಾಠಗಳ ಮಟ್ಟಿಗಾದರೂ ಈ ಅರ್ಥ ಸರಿಯಲ್ಲ ಅನ್ನಿಸುತ್ತ ಬಂದಿದೆ. ಚಿತ್ರಕ್ಕೆ ಬಳಸುವ ವಸ್ತು ಪಾಠಕ್ಕೆ ನೆರವಾಗುವ ಉಪಕರಣ ಮಾತ್ರವಲ್ಲ, ಎಷ್ಟೋ ಸಲ ಅದೇ ಪಾಠ. ಹೀಗೆ ಅನ್ನಿಸಲು ಕಾರಣವಾದ ಒಂದೆರಡು ಸಂಗತಿಗಳನ್ನು, ಕಳೆದ ಅವಧಿಯ ಒಂದು ಪಾಠದ ಅನುಭವದೊಂದಿಗೆ ಇಲ್ಲಿ ಬರೆಯುತ್ತಿದ್ದೇನೆ.

ಪ್ರತಿ ತಂಡವನ್ನೂ ನಾನು ಒಮ್ಮೆ ಇಕ್ಕೇರಿಗೆ ಕರೆದೊಯ್ಯುತ್ತೇನೆ. ಸಾಗರದಿಂದ ಐದಾರು ಕಿಲೋಮೀಟರು. ಕೆಳದಿಯ ನಾಯಕರಿಗೆ ಸುಮಾರು 1560ರಿಂದ 1640ರವರೆಗೆ ರಾಜಧಾನಿಯಾಗಿದ್ದ ಊರು. ಆಮೇಲೆ ರಾಜಧಾನಿ ಬಿದನೂರಿಗೆ, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರಕ್ಕೆ, ಹೋಯಿತು. ಇಕ್ಕೇರಿಯಲ್ಲಿ ಈಗ ಉಳಿದಿರುವ ದೊಡ್ಡ ಕುರುಹು ಅಘೋರೇಶ್ವರ ದೇವಸ್ಥಾನ ಮತ್ತು ಅದರ ಎದುರಿನ ಮಂಟಪದಲ್ಲಿ ಕುಳಿತ ನಂದಿ. ಅಲ್ಲಿ ನಾನು ಇತಿಹಾಸದ ಪಾಠ ಮಾಡುವುದು ಕಡಿಮೆ. ಒಂದೇ ಪ್ರಶ್ನೆ ಕೇಳುತ್ತೇನೆ: ಬೇಲೂರಿನ ಶಿಲಾಬಾಲಿಕೆಯ ಕೈಬಳೆಗಳ ನಡುವೆ ಸಂದು ಕಾಣುತ್ತದೆ, ಇಲ್ಲಿನ ಗೋಡೆಯ ಮೇಲಿನ ಆಕೃತಿಗಳಲ್ಲಿ ಅಷ್ಟು ಸೂಕ್ಷ್ಮ ಯಾಕಿಲ್ಲ? ‘ಇಲ್ಲಿಯ ಶಿಲ್ಪಿಗಳಿಗೆ ಅಷ್ಟು ಕೌಶಲ ಇರಲಿಲ್ಲ’ ಎಂಬ ಉತ್ತರ ಪ್ರತಿ ವರ್ಷ ಮೊದಲು ಬರುತ್ತದೆ. ಆಗ ಗೋಡೆ ಮುಟ್ಟಿ ನೋಡಲು ಹೇಳುತ್ತೇನೆ. ಇಕ್ಕೇರಿಯದು ಗ್ರಾನೈಟ್. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಅದು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಅದರಲ್ಲಿ ಬಳೆಯ ಸಂದನ್ನು ಕೊರೆಯಬಹುದು. ಗ್ರಾನೈಟಿನಲ್ಲಿ ಅದೇ ಕೆಲಸಕ್ಕೆ ಹೊರಟರೆ ಚೂರು ಹಾರುತ್ತದೆ. ಹಾಗಾಗಿ ಇಕ್ಕೇರಿಯ ಶಿಲ್ಪಿ ಮೈಯನ್ನು ದೊಡ್ಡ ದೊಡ್ಡ ಭಾಗಗಳಲ್ಲಿ ಯೋಚಿಸಿದ. ಎದುರಿನ ನಂದಿಯ ಬೆನ್ನು, ಭುಜ, ಗಂಗೆದೊಗಲು ನೋಡಿದರೆ ಆ ಯೋಚನೆಯ ಫಲ ಕಾಣುತ್ತದೆ. ಕೌಶಲದಲ್ಲಿ ಹೆಚ್ಚುಕಡಿಮೆಯ ಮಾತಲ್ಲ ಇದು, ಕಲ್ಲು ಏನನ್ನು ಬಿಟ್ಟುಕೊಡುತ್ತದೆ ಎಂಬುದರ ಮಾತು.

ಸಾಗರ, ಸೊರಬದ ಗುಡಿಗಾರರ ಕೆಲಸವನ್ನು ಇದರ ಪಕ್ಕದಲ್ಲಿಟ್ಟರೆ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಶ್ರೀಗಂಧದ ಮರದ ಎಳೆ ಒತ್ತಾಗಿ, ನುಣುಪಾಗಿ ಇರುತ್ತದೆ. ಅಂಗೈಯಗಲದ ತುಂಡಿನಲ್ಲಿ ಅವರು ದೇವರ ಕಣ್ಣರೆಪ್ಪೆಯನ್ನೂ ಬಿಡಿಸುತ್ತಾರೆ. ಅದೇ ಗುಡಿಗಾರರ ಮನೆಯಲ್ಲಿ ಮದುವೆಯ ಬಾಸಿಂಗಕ್ಕೆ ಬೆಂಡು ಕೊಯ್ಯುವಾಗ ಕೈಯ ಚಲನೆಯೇ ಬೇರೆ. ಬೆಂಡಿನಲ್ಲಿ ಕಣ್ಣರೆಪ್ಪೆ ಬಾರದು, ತೆಳ್ಳನೆಯ ಹಾಳೆ ಸುಲಿದು ಹೂವಿನ ಎಸಳು ಮಾಡಬಹುದು. ಕೈ ಅದೇ, ವಸ್ತು ಬದಲಾದಾಗ ರೂಪ ಬದಲಾಯಿತು. ಇಷ್ಟನ್ನು ಕಣ್ಣಾರೆ ಕಂಡ ಪ್ರಶಿಕ್ಷಣಾರ್ಥಿ ಮುಂದೆ ಮಕ್ಕಳ ಚಿತ್ರವನ್ನು ‘ಮೂಗು ಸರಿಯಾಗಿ ಬಂದಿಲ್ಲ’ ಎಂದು ತಿದ್ದುವ ಮೊದಲು, ಆ ಮಗುವಿನ ಕೈಯಲ್ಲಿ ಏನಿತ್ತು ಎಂದು ನೋಡುತ್ತಾರೆ ಎಂಬುದು ನನ್ನ ನಿರೀಕ್ಷೆ.

ಇನ್ನು ಪಾಠದ ವಿಷಯ. ಕಳೆದ ಅವಧಿಯಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ ಏಳನೇ ತರಗತಿಗೆ ‘ಜನಪದ ಚಿತ್ರಕಲೆ’ ಎಂಬ ಪಾಠಯೋಜನೆ ಬರೆದು ತಂದರು. ಅಂಗಡಿಯಿಂದ ತಂದ, ವರ್ಲಿ ಚಿತ್ರಗಳ ಮುದ್ರಿತ ಚಾರ್ಟೇ ಮುಖ್ಯ ಬೋಧನೋಪಕರಣ. ವರ್ಲಿ ಮಹಾರಾಷ್ಟ್ರದ ಬುಡಕಟ್ಟಿನವರ ಕಲೆ, ಸೊಗಸಾದ ಕಲೆ. ಅದನ್ನು ಕಲಿಸುವುದಕ್ಕೆ ಯಾರ ತಕರಾರೂ ಇಲ್ಲ. ಆದರೆ ನಾನು ನೋಡಿದ ಎಷ್ಟೋ ಶಾಲೆಗಳ ಕಾಂಪೌಂಡಿನ ಮೇಲೆ ವರ್ಲಿಯ ಕುಣಿಯುವ ಜನರಿದ್ದಾರೆ. ಅದೇ ಊರಿನ ಹಳೆಯ ಮನೆಗಳ ಹಸೆಗೋಡೆಯ ಚಿತ್ತಾರದ ಒಂದು ಎಳೆಯೂ ಆ ಕಾಂಪೌಂಡಿಗೆ ಬಂದಿಲ್ಲ. ಯೋಜನೆಯ ಚರ್ಚೆಯ ಹೊತ್ತಿಗೆ ‘ನಿಮ್ಮ ಊರಿನಲ್ಲಿ ಗೋಡೆಗೆ ಏನು ಬರೆಯುತ್ತಾರೆ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮಜ್ಜಿ ಚಿತ್ತಾರ ಬರೀತಾರೆ ಸಾರ್. ಅದೆಲ್ಲ ಪಾಠಕ್ಕೆ ಬರ್ತದಾ?’ ಎಂದರು.

ಆ ಪ್ರಶ್ನೆಯ ಹಿಂದೆ ಇರುವುದನ್ನು ನಾವು ಶಿಕ್ಷಕ ಶಿಕ್ಷಕರು ಅರ್ಥ ಮಾಡಿಕೊಳ್ಳಬೇಕು. ಹಸೆ ಚಿತ್ತಾರ ಮಲೆನಾಡಿನ ದೀವರ ಸಮುದಾಯದ ಹೆಂಗಸರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕಲೆ. ಮದುವೆಯಲ್ಲಿ ಮದುಮಕ್ಕಳು ಹಸೆಗೆ ಕೂರುವ ಜಾಗದ ಗೋಡೆಗೆ ಬರೆಯುವುದರಿಂದ ಆ ಹೆಸರು. ಭೂಮಿ ಹುಣ್ಣಿಮೆಗೆ ಗದ್ದೆಗೆ ಚರಗದ ಅಡುಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಚಿತ್ತಾರ ಇರುತ್ತದೆ. ಸೆಗಣಿ, ಕೆಮ್ಮಣ್ಣು ಬಳಿದ ಬಿದಿರಿನ ಬುಟ್ಟಿಯ ಮೈಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆಗಳು. ಅಜ್ಜಿಗೆ ಅದು ಮನೆಗೆಲಸದ, ಹಬ್ಬದ, ಹಾಡಿನ ಒಂದು ಭಾಗ. ಮೊಮ್ಮಗಳು ಶಾಲೆ, ಕಾಲೇಜು, ಈಗ ಶಿಕ್ಷಕ ತರಬೇತಿ ಎಂದು ಹದಿನಾಲ್ಕು ಹದಿನೈದು ವರ್ಷ ಕಲಿತಿದ್ದರೂ ಅಷ್ಟು ವರ್ಷಗಳಲ್ಲಿ ಯಾರೂ ಅಜ್ಜಿಗೆ ಗೊತ್ತಿರುವುದನ್ನು ವಿಷಯವೆಂದು ಕರೆದಿರಲಿಲ್ಲ. ‘ಪಾಠಕ್ಕೆ ಬರ್ತದಾ’ ಎಂಬ ಅನುಮಾನ ಅಲ್ಲಿಂದ ಹುಟ್ಟಿದ್ದು.

ಚಾರ್ಟನ್ನು ಬದಿಗಿಟ್ಟು ಒಂದು ವಾರ ಅಜ್ಜಿಯ ಬಳಿ ಕುಳಿತು ಬರಲು ಒಪ್ಪಿದರು. ವಾರದ ಕೊನೆಗೆ ಅವರು ತಂದ ಟಿಪ್ಪಣಿಯಲ್ಲಿ ‘ಉದ್ದೇಶಗಳು’, ‘ನಿರ್ದಿಷ್ಟೀಕರಣಗಳು’ ಇರಲಿಲ್ಲ, ಸಾಮಗ್ರಿಗಳ ಪಟ್ಟಿ ಇತ್ತು. ಹಿನ್ನೆಲೆಗೆ ಕೆಮ್ಮಣ್ಣು. ಬಿಳಿಗೆ ನೆನೆಸಿ ರುಬ್ಬಿದ ಅಕ್ಕಿ. ಕಪ್ಪಿಗೂ ಅಕ್ಕಿಯೇ, ಕರಿಯಾಗುವವರೆಗೆ ಹುರಿದು, ನೆನೆಸಿ, ಅರೆಯುವುದು. ಹಳದಿಗೆ ಗುರಿಗೆ ಕಾಯಿಯ ಬೀಜ. ಕುಂಚಕ್ಕೆ ಪುಂಡಿ ನಾರು. ಅಂಗಡಿಯಿಂದ ತರಬೇಕಾದದ್ದು ಒಂದೂ ಇಲ್ಲ. ಆದರೆ ಇದು ಕಡಿಮೆ ವೆಚ್ಚದ್ದೂ ಅಲ್ಲ. ಮಣ್ಣು ತಂದು ಸೋಸಿ ನೆನೆಸಲು ಒಂದು ದಿನ, ಅಕ್ಕಿ ನೆನೆಯಲು ಒಂದು ರಾತ್ರಿ, ನಾರಿನ ತುದಿ ಜಜ್ಜಿ ಹದ ಮಾಡಲು ಒಂದು ಮಧ್ಯಾಹ್ನ. ದುಡ್ಡಿನ ಬದಲು ಹೊತ್ತು ಖರ್ಚಾಗುತ್ತದೆ. ನಮ್ಮ ನಮೂನೆಯಲ್ಲಿ ಆ ಲೆಕ್ಕಕ್ಕೆ ಜಾಗವಿಲ್ಲ.

ಪಾಠವನ್ನು ಎರಡು ಅವಧಿಗಳಿಗೆ ಹಂಚಿದೆವು. ಮೊದಲನೆಯದು ಬಣ್ಣ ಮಾಡುವುದು. ಬೆಂಕಿಯ ಕೆಲಸ ಮಕ್ಕಳ ಕೈಗೆ ಕೊಡುವಂತಿರಲಿಲ್ಲವಾದ್ದರಿಂದ ಬಿಸಿಯೂಟದ ಅಡುಗೆಯವರ ಸಹಾಯ ಕೇಳಿದೆವು. ಅವರು ಕಾವಲಿ ಇಟ್ಟು ಅಕ್ಕಿ ಹುರಿಯತೊಡಗಿದರು. ಮಕ್ಕಳು ದೂರದಲ್ಲಿ ಸುತ್ತ ನಿಂತಿದ್ದರು. ಪ್ರಶಿಕ್ಷಣಾರ್ಥಿ ‘ಸಾಕು’ ಎಂದಾಗ ಅಡುಗೆಯಾಕೆ ಕಾವಲಿ ಇಳಿಸಲಿಲ್ಲ. ‘ಈಗ ತೆಗೆದ್ರೆ ಕಾಪಿ ಬಣ್ಣ ಬರ್ತದೆ. ಇನ್ನೊಂಚೂರು ತಡೀರಿ. ಹೆಚ್ಚಾದ್ರೆ ಬೂದಿ’ ಎಂದರು. ಅವರ ಮನೆಯಲ್ಲೂ ಚಿತ್ತಾರ ಬರೆಯುತ್ತಿದ್ದರೆಂದು ಆ ಶಾಲೆಗೆ ಅವತ್ತೇ ಗೊತ್ತಾದದ್ದು. ಪ್ರಶಿಕ್ಷಣಾರ್ಥಿ ಆ ಕ್ಷಣದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದರು. ಸ್ವಲ್ಪ ಅಕ್ಕಿಯನ್ನು ಅಲ್ಲಿಗೇ ತೆಗೆದಿಟ್ಟು, ಉಳಿದದ್ದನ್ನು ಅಡುಗೆಯಾಕೆ ಹೇಳಿದಷ್ಟು ಹುರಿಸಿ, ಕೊನೆಗೆ ಒಂದು ಹಿಡಿಯನ್ನು ಬೇಕೆಂದೇ ಹೆಚ್ಚು ಸುಡಿಸಿದರು. ಮೂರನ್ನೂ ಅರೆದು ರಟ್ಟಿನ ಮೇಲೆ ಹಚ್ಚಿದಾಗ ಒಂದು ಕಂದು, ಒಂದು ಕಪ್ಪು, ಒಂದು ಮಂಕು ಬೂದು. ಏಳನೇ ತರಗತಿಯ ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ‘ದಹನ’ವನ್ನು ವಿಜ್ಞಾನದ ಅವಧಿಯಲ್ಲೂ ನಾನು ಕಂಡಿರಲಿಲ್ಲ.

ಎರಡನೆಯ ಅವಧಿಯಲ್ಲಿ ಎಳೆ ಎಳೆಯುವುದು. ಹಿಂದಿನ ದಿನವೇ ದಪ್ಪ ರಟ್ಟುಗಳಿಗೆ ಕೆಮ್ಮಣ್ಣು ಬಳಿದು ಒಣಗಿಸಿದ್ದೆವು. ಮಕ್ಕಳು ನಾರನ್ನು ಅಕ್ಕಿಹಿಟ್ಟಿಗೆ ಅದ್ದಿ ಗೆರೆ ಎಳೆದರು. ‘ಸಾರ್, ಬರ್ತಾ ಇಲ್ಲ’ ಎಂಬ ಕೂಗು ನಾಲ್ಕು ಕಡೆಯಿಂದ ಬಂತು. ಅಕ್ಕಿಹಿಟ್ಟಿನ ಎಳೆ ಹಸಿಯಾಗಿರುವಾಗ ಮಂಕಾಗಿ, ಇದೆಯೋ ಇಲ್ಲವೋ ಎಂಬಂತೆ ಇರುತ್ತದೆ. ಒಣಗುತ್ತ ಒಣಗುತ್ತ ಬೆಳ್ಳಗಾಗುತ್ತದೆ. ಬರೆಯುವಾಗ ಪೂರ್ತಿ ಕಾಣದ್ದನ್ನು ಬರೆಯಬೇಕು. ಹಾಗಾಗಿ ಕಣ್ಣಿನ ಮೇಲೆ ಮಾತ್ರ ಭರವಸೆ ಇಡುವಂತಿಲ್ಲ, ಎಣಿಸಬೇಕು. ಎರಡೆಳೆ, ಮೂರೆಳೆ, ನಾಲ್ಕೆಳೆ. ಅಜ್ಜಿ ಹೇಳಿ ಕಳಿಸಿದ್ದ ಮಾತೂ ಅದೇ: ‘ಮೊದ್ಲು ಎಳೆ ಎಳೀಲಿ, ಮದುಮಕ್ಳು ಆಮೇಲೆ.’ ಕೆಲವರು ಹಸಿ ಗೆರೆಯ ಮೇಲೆ ಮತ್ತೆ ಮತ್ತೆ ಹಿಟ್ಟು ಹಚ್ಚಿದರು. ಅದು ಒಣಗಿದಾಗ ದಪ್ಪಗಾಗಿ ಸಿಡಿಯಿತು. ತಾಳ್ಮೆಯಿಂದ ಒಂದೇ ಸಲ ಎಳೆದು ಕಾದವರ ಗೆರೆ ತೆಳ್ಳಗೆ, ಗಟ್ಟಿಯಾಗಿ ಉಳಿಯಿತು. ಈ ಎರಡರ ವ್ಯತ್ಯಾಸವನ್ನು ಶಿಕ್ಷಕಿ ಬಾಯಲ್ಲಿ ಹೇಳಬೇಕಾದ ಅಗತ್ಯವೇ ಬೀಳಲಿಲ್ಲ.

ಆಮೇಲೆ ಮನುಷ್ಯಾಕೃತಿ. ಚಿತ್ತಾರದ ಮದುಮಕ್ಕಳನ್ನು ನೋಡಿದವರಿಗೆ ಗೊತ್ತು, ಮೈ ಎಂದರೆ ತ್ರಿಕೋನಗಳು, ಕೈಕಾಲು ಎಂದರೆ ಎಳೆಗಳು. ಸುತ್ತ ಗೋಪುರ, ಪಾಪಡಿ, ಸೂಜಿಮಲ್ಲಿಗೆ, ಜೋಗಿಜಡೆಗಳ ಅಂಚು. ಮುಖದ ವಿವರ ಇರುವುದಿಲ್ಲ. ಮಕ್ಕಳು ತಮ್ಮ ಅಭ್ಯಾಸದಂತೆ ದುಂಡು ಮುಖ ಬರೆಯಲು ಹೊರಟರು. ನಾರು ದುಂಡಗೆ ತಿರುಗಲಿಲ್ಲ. ತಿರುಗಿಸಿದಲ್ಲಿ ಹಿಟ್ಟು ಚೆಲ್ಲಿತು. ಹತ್ತು ನಿಮಿಷದ ಮೇಲೆ ಒಬ್ಬಳು ಹುಡುಗಿ, ಮೊದಲೇ ಎಳೆದಿದ್ದ ಓರೆಗೆರೆಗಳ ನಡುವೆ ಎರಡು ತ್ರಿಕೋನಗಳನ್ನು ತುದಿಗೆ ತುದಿ ಜೋಡಿಸಿ, ಮೇಲೊಂದು ಚುಕ್ಕಿ ಇಟ್ಟಳು. ಪಕ್ಕದವರು ನೋಡಿದರು. ಸ್ವಲ್ಪ ಹೊತ್ತಿಗೆ ಇಡೀ ಸಾಲು ತ್ರಿಕೋನದ ಮನುಷ್ಯರಿಂದ ತುಂಬಿತು. ಚಿತ್ತಾರದ ಆಕೃತಿ ‘ಸರಳ’ ಎಂದೋ ‘ಅಪಕ್ವ’ ಎಂದೋ ಪುಸ್ತಕಗಳಲ್ಲಿ ಓದಿದವರಿಗೆ ಆ ಸಾಲನ್ನು ತೋರಿಸಬೇಕು ಅನ್ನಿಸಿತು. ನಾರು ಮತ್ತು ಹಿಟ್ಟಿನಿಂದ ಮನುಷ್ಯನನ್ನು ಬರೆಯಲು ಹೊರಟರೆ ಸಿಕ್ಕುವ ಬುದ್ಧಿವಂತ ಉತ್ತರ ಅದು. ಹಸೆಗೋಡೆಯ ಹೆಂಗಸರಿಗೆ ಆ ಉತ್ತರ ಯಾವತ್ತೋ ಸಿಕ್ಕಿತ್ತು.

ಪಾಠ ಮುಗಿಯುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಟೀಚರ್, ಇದನ್ನ ಕಲಿತ್ರೆ ಏನಾಗ್ತಾರೆ?’ ಎಂದು ಕೇಳಿದ. ಅವನ ದನಿಯಲ್ಲಿ ಕುಚೇಷ್ಟೆ ಇರಲಿಲ್ಲ. ಗಣಿತ ಕಲಿತರೆ ಎಂಜಿನಿಯರ್ ಆಗುತ್ತಾರೆ, ಜೀವಶಾಸ್ತ್ರ ಕಲಿತರೆ ಡಾಕ್ಟರ್ ಆಗುತ್ತಾರೆ ಎಂದು ನಾವೇ ಕಲಿಸಿದ್ದೇವೆ. ಅದೇ ಲೆಕ್ಕದಲ್ಲಿ ಅವನು ಕೇಳಿದ. ಪ್ರಶಿಕ್ಷಣಾರ್ಥಿ ‘ಮುಂದಿನ ಸೋಮವಾರ ಹೇಳುತ್ತೇನೆ’ ಎಂದರು. ಅವರು ನನ್ನ ಬಳಿ ಬಂದಾಗ ನಾನು ಸೂಚಿಸಿದ ಹೆಸರು ಶೀಲಾ ಗೌಡ.

ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಭದ್ರಾವತಿಯಲ್ಲಿ. ತಂದೆ ಜನಪದ ಹಾಡುಗಳನ್ನು ದಾಖಲಿಸುತ್ತ, ಮುಂದೊಂದು ವಸ್ತುಸಂಗ್ರಹಾಲಯಕ್ಕೆಂದು ಹಳ್ಳಿಗಳ ಬಳಕೆಯ ವಸ್ತುಗಳನ್ನು ಕೂಡಿಸುತ್ತಿದ್ದವರು. ಹೀಗಾಗಿ ಬಾಲ್ಯ ಹಳ್ಳಿ, ಪಟ್ಟಣ ಎರಡರಲ್ಲೂ ಕಳೆಯಿತು. ಬೆಂಗಳೂರಿನಲ್ಲಿ ಆರ್.ಎಂ. ಹಡಪದ್ ಅವರ ಕೆನ್ ಕಲಾಶಾಲೆಯಲ್ಲಿ ಕಲಿತು 1979ರಲ್ಲಿ ಡಿಪ್ಲೊಮಾ ಪಡೆದರು. ಅಲ್ಲಿಂದ ಶಾಂತಿನಿಕೇತನಕ್ಕೆ. ಅಲ್ಲಿ ಕೆ.ಜಿ. ಸುಬ್ರಮಣ್ಯನ್ ಅವರ ಪ್ರಭಾವ. ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಚಿತ್ರಕಲೆಯ ಸ್ನಾತಕೋತ್ತರ ಪದವಿ, 1986ರಲ್ಲಿ. ಅಲ್ಲಿಯವರೆಗೂ ಅವರದು ಮನುಷ್ಯಾಕೃತಿಗಳ ತೈಲಚಿತ್ರ. ಆರಂಭದ ಚಿತ್ರಗಳಲ್ಲಿ ನಿಸರ್ಗದ ನಡುವೆ ಏನನ್ನೋ ಯೋಚಿಸುತ್ತ ಕೂತ ಹುಡುಗಿಯರು ಕಾಣುತ್ತಾರೆ. ಇಷ್ಟು ಶಾಸ್ತ್ರೋಕ್ತವಾಗಿ ತೈಲವರ್ಣ ಕಲಿತವರು 1990ರ ದಶಕದಲ್ಲಿ ಸೆಗಣಿಯನ್ನು ಕೈಗೆತ್ತಿಕೊಂಡರು.

ಯಾಕೆ ಸೆಗಣಿ? ಅಗ್ಗವೆಂದಲ್ಲ. 1992-93ರ ಮುಂಬೈ ಗಲಭೆಗಳ ಆಸುಪಾಸಿನ ಆ ದಿನಗಳಲ್ಲಿ, ಕ್ಯಾನ್ವಾಸಿನ ಮೇಲಿನ ಬಣ್ಣದಿಂದ ತಾನು ಹೇಳಬೇಕಾದದ್ದನ್ನು ಹೇಳಲು ಆಗುತ್ತಿಲ್ಲ ಎಂಬ ಹುಡುಕಾಟದಲ್ಲಿ ಅವರಿದ್ದರು. ಸೆಗಣಿಗೆ ನಮ್ಮ ಬದುಕಿನಲ್ಲಿ ಎಷ್ಟು ಅರ್ಥಗಳಿವೆ ನೋಡಿ. ನೆಲ ಸಾರಿಸಲು, ಒಲೆಗೆ ಬೆರಣಿ, ಗದ್ದೆಗೆ ಗೊಬ್ಬರ, ಪೂಜೆಗೆ ಶುದ್ಧಿ. ಹೆಂಗಸರ ಕೈಯ ದಿನನಿತ್ಯದ ಕೆಲಸ. ಅದರ ಹಿಂದೆಯೇ ಹಸುವಿನ ಸುತ್ತಲಿನ ರಾಜಕೀಯ. ಇವೆಲ್ಲವೂ ಆ ವಸ್ತುವಿನೊಳಗೆ ಮೊದಲೇ ಇವೆ. ಕಲಾವಿದೆ ಅದನ್ನು ಗ್ಯಾಲರಿಯ ನೆಲದ ಮೇಲೆ ಇಟ್ಟಾಗ ಅವೆಲ್ಲ ಅವರ ಜೊತೆ ಒಳಗೆ ಬರುತ್ತವೆ. 1996ರ ‘ಮಾರ್ಟರ್ ಲೈನ್’ ಎಂಬ ಕೃತಿಯಲ್ಲಿ ಸೆಗಣಿಯ ಇಟ್ಟಿಗೆಗಳ ಸಾಲು, ನಡುವೆ ಗಾರೆಯ ಜಾಗದಲ್ಲಿ ಕುಂಕುಮದ ಕೆಂಪು ಗೆರೆ. 1998ರ ‘ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್’ನಲ್ಲಿ ಸೂಜಿಗಳಿಗೆ ಪೋಣಿಸಿದ ಉದ್ದುದ್ದ ದಾರಗಳನ್ನು ಅಂಟು, ಕುಂಕುಮ ಸವರಿ ಒಟ್ಟುಗೂಡಿಸಿದ ಕೆಂಪು ಹಗ್ಗ ನೆಲದ ಮೇಲೆ, ಗೋಡೆಯ ಮೇಲೆ ಹರಿದಾಡುತ್ತದೆ, ತುದಿಯಲ್ಲಿ ಸೂಜಿಗಳ ಗೊಂಚಲು. ಅಲ್ಲಿ ಮೈಯ ಚಿತ್ರವಿಲ್ಲ. ಆದರೂ ನೋಡಿದವರಿಗೆ ಮೈಯೇ ನೆನಪಾಗುತ್ತದೆ, ಕರುಳು, ರಕ್ತ, ಹೊಲಿಗೆಗೆ ಬಾಗಿದ ಬೆನ್ನು. 2009ರಲ್ಲಿ ವೆನಿಸ್ ಬಿಯೆನ್ನಾಲೆಯಲ್ಲಿ ಕಾಣಿಸಿದ ‘ಬಿಹೋಲ್ಡ್’ನಲ್ಲಿ ಸುಮಾರು 4000 ಮೀಟರ್ ಉದ್ದದ ಕೂದಲಿನ ಹಗ್ಗ, ಅದರಲ್ಲಿ ತೂಗುವ ಕಾರುಗಳ ಬಂಪರುಗಳು. ದೇವಸ್ಥಾನಗಳಲ್ಲಿ ಮುಡಿ ಕೊಟ್ಟ ಕೂದಲಿನಿಂದ ಹೊಸೆದ ಹಗ್ಗವನ್ನು ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಕಟ್ಟುವುದನ್ನು ನಾವೆಲ್ಲ ಕಂಡಿದ್ದೇವೆ.

ಮುಂದೆ 2011ರಲ್ಲಿ ಲಂಡನ್ನಿನಲ್ಲಿ ತೋರಿಸಿದ ‘ಆಫ್ ಆಲ್ ಪೀಪಲ್’ನಲ್ಲಿ ಮನುಷ್ಯಾಕೃತಿ ಮತ್ತೆ ಕಣ್ಣೆದುರು ಬಂತು, ಕ್ಯಾನ್ವಾಸಿನ ಮೇಲಲ್ಲ, ಮರದಲ್ಲಿ. ಬೆರಳುದ್ದದ ಮರದ ಚೂರುಗಳು, ಸಾವಿರಾರು. ಪ್ರತಿಯೊಂದಕ್ಕೂ ಕೆಲವೇ ಕಡಿತ. ಹರಕೆಯ ಬೊಂಬೆಗಳನ್ನು ನೆನಪಿಸುವ ಆ ಚೂರುಗಳು ದೂರದಿಂದ ಸೌದೆಯ ಚಕ್ಕೆ, ಹತ್ತಿರ ಹೋದರೆ ಜನ. ನಮ್ಮ ಪಾಠಕ್ಕೆ ಬೇಕಾದದ್ದು ಇದೇ ಕೃತಿ. 2019ರಲ್ಲಿ ಅವರಿಗೆ ಮಾರಿಯಾ ಲಾಸ್ನಿಗ್ ಪ್ರಶಸ್ತಿ ಬಂತು ಎಂಬುದನ್ನೂ ಪ್ರಶಿಕ್ಷಣಾರ್ಥಿ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದರು. ಅದನ್ನು ಹೇಗೆ ಹೇಳಬೇಕು ಎಂಬ ಬಗ್ಗೆ ನಮ್ಮಿಬ್ಬರ ನಡುವೆ ಸಾಕಷ್ಟು ಮಾತಾಯಿತು.

‘ನೋಡಿ ಮಕ್ಕಳೇ, ನಮ್ಮ ಸೆಗಣಿ ಲಂಡನ್ನಿಗೆ ಹೋಯಿತು, ಹೆಮ್ಮೆಪಡಿ’ ಎಂದು ಹೇಳುವುದು ಸುಲಭ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆದರೆ ಹಾಗೆ ಹೇಳಿದ ಕೂಡಲೇ, ಲಂಡನ್ನಿಗೆ ಹೋಗದ ಅಜ್ಜಿಯ ಗೋಡೆ ಮತ್ತೆ ಕೆಳಗೆ ಇಳಿಯುತ್ತದೆ. ಚಿತ್ತಾರ ಬರೆಯುವ ಹೆಂಗಸರಲ್ಲಿ ಹೆಚ್ಚಿನವರಿಗೆ ನಾವು ‘ವೃತ್ತಿಜೀವನ’ ಎನ್ನುವಂಥದ್ದು ಇಲ್ಲ. ಗೋಡೆಯ ಮೇಲೆ ಸಹಿ ಇಲ್ಲ. ಮಳೆಗಾಲ ಕಳೆದರೆ ಗೋಡೆಗೆ ಹೊಸ ಮಣ್ಣು, ಹಳೆಯ ಚಿತ್ರ ಅದರಡಿ. ಇತ್ತೀಚೆಗೆ ಕೆಲವರು ಕಾಗದದ ಮೇಲೆ, ಬಟ್ಟೆಯ ಮೇಲೆ ಬರೆದು ಪ್ರದರ್ಶನಗಳಿಗೆ ಒಯ್ಯುತ್ತಾರೆ, ಅದರಿಂದ ಸಂಪಾದನೆಯೂ ಇದೆ, ಒಳ್ಳೆಯದೇ. ಆದರೆ ಹುಡುಗ ಕೇಳಿದ ‘ಏನಾಗ್ತಾರೆ’ ಎಂಬುದಕ್ಕೆ ಎರಡು ಉತ್ತರಗಳಿವೆ, ಒಂದರ ತಲೆಯ ಮೇಲೆ ಇನ್ನೊಂದನ್ನು ಕೂರಿಸಬಾರದು ಎಂಬ ತೀರ್ಮಾನಕ್ಕೆ ಬಂದೆವು. ಕಲಿತು ಶೀಲಾ ಗೌಡರಂತೆ ಆಗಬಹುದು, ನಾಲ್ಕು ಕಡೆ ಓದಿ, ಮನೆಯಲ್ಲಿ ಕಂಡ ವಸ್ತುವಿನ ಕಡೆಗೆ ಪ್ರಶ್ನೆಯೊಂದಿಗೆ ಹಿಂತಿರುಗಿ ನೋಡುವ ಕಲಾವಿದೆ. ಅಜ್ಜಿಯಂತೆಯೂ ಆಗಬಹುದು, ಊರಿನ ಮದುವೆಗೆ ತನ್ನ ಕೈ ಬೇಕೇ ಬೇಕು ಎನ್ನಿಸಿಕೊಳ್ಳುವವಳು. ಇಬ್ಬರಿಗೂ ವಸ್ತುವಿನ ಸ್ವಭಾವ ಗೊತ್ತು, ಅದರ ಅರ್ಥವೂ ಗೊತ್ತು.

ಸೋಮವಾರದ ಪಾಠದಲ್ಲಿ ಪ್ರಶಿಕ್ಷಣಾರ್ಥಿ ಈ ಇಬ್ಬರ ಕೆಲಸದ ಚಿತ್ರಗಳನ್ನು ಒಂದೇ ಅಳತೆಯಲ್ಲಿ ಮುದ್ರಿಸಿ ಪಕ್ಕಪಕ್ಕದಲ್ಲಿ ಅಂಟಿಸಿದರು. ಸೆಗಣಿಯ ಇಟ್ಟಿಗೆ ನೋಡಿ ತರಗತಿ ನಕ್ಕಿತು. ‘ಇದು ಚಿತ್ರನಾ?’ ಎಂಬ ಪ್ರಶ್ನೆಗೆ ಶಿಕ್ಷಕಿ ಉತ್ತರಿಸದೆ, ‘ಸೆಗಣಿ ಅಂದ್ರೆ ನಿಮಗೆ ಏನೇನು ನೆನಪಾಗ್ತದೆ, ಬರೆಯಿರಿ’ ಎಂದರು. ಐದು ನಿಮಿಷದಲ್ಲಿ ಕಪ್ಪುಹಲಗೆ ತುಂಬಿತು. ಕೊಟ್ಟಿಗೆ, ಅಂಗಳ, ದೀಪಾವಳಿ, ಗೋಬರ್ ಗ್ಯಾಸ್, ಅಮ್ಮನ ಕೈಯ ವಾಸನೆ, ಮಜ್ಜಿಗೆ ಕೊಡುವ ಎಮ್ಮೆ. ಒಬ್ಬಳು ‘ನಾಚಿಕೆ’ ಎಂದು ಬರೆದಳು. ಪೇಟೆಯ ನೆಂಟರು ಬಂದಾಗ ತನ್ನ ಕೈ ಮೂಸಿ ನೋಡಿಕೊಳ್ಳುತ್ತಾಳಂತೆ. ಶಿಕ್ಷಕಿ ಆ ಪದವನ್ನು ಅಳಿಸಲಿಲ್ಲ, ಉಳಿದವುಗಳ ನಡುವೆಯೇ ಬಿಟ್ಟರು. ಆ ಮಗುವಿಗೂ, ಕಪ್ಪುಹಲಗೆಯ ಮುಂದೆ ನಿಂತಿದ್ದ ಶಿಕ್ಷಕಿಗೂ ಅವತ್ತು ಏನೋ ಸ್ವಲ್ಪ ಹಗುರಾದಂತೆ ನನಗೆ ಕಂಡಿತು.

ಚಟುವಟಿಕೆಗೆ ಮರ ಕೆತ್ತಿಸುವುದು ಅಪಾಯ. ಅದರ ಬದಲು ಅಡಿಕೆ ಹಾಳೆ ತಂದೆವು. ‘ಐದೇ ಕಡಿತದಲ್ಲಿ ಒಬ್ಬ ಮನುಷ್ಯನನ್ನು ಮಾಡಿ’ ಎಂಬುದು ಸೂಚನೆ. ಒಣ ಹಾಳೆ ಕತ್ತರಿಗೆ ಸಿಕ್ಕಿ ಎಳೆಯ ಗುಂಟ ಸೀಳಿತು. ನೆನೆಸಿದ ಹಾಳೆ ಮಡಚಿಕೊಂಡಿತು. ಸೀಳನ್ನೇ ಕಾಲು ಮಾಡಿದವರು ಕೆಲವರು, ಮಡಿಕೆಯನ್ನು ಬಾಗಿದ ಬೆನ್ನು ಮಾಡಿದವರು ಕೆಲವರು. ಹಾಳೆ ಯಾವ ಕಡೆ ಸೀಳುತ್ತದೆ ಎಂದು ಮೊದಲೇ ಹೇಳಬಲ್ಲವನು ಆ ಹಿಂದಿನ ಬೆಂಚಿನ ಹುಡುಗ. ಅವರ ಮನೆಯಲ್ಲಿ ಹಾಳೆ ಟೊಪ್ಪಿ ಮಾಡುತ್ತಾರೆ. ಉಳಿದವರು ಅವನನ್ನು ಕೇಳಿ ಕೇಳಿ ಕತ್ತರಿಸಿದರು.

ಈಗ ಮೌಲ್ಯಮಾಪನದ ಮಾತು. ಈ ಪಾಠಗಳನ್ನು ನೋಡಲು ಬಂದಿದ್ದ ಇನ್ನೊಬ್ಬ ವೀಕ್ಷಕರು ‘ವೇಳೆಯ ನಿರ್ವಹಣೆ’ಯಲ್ಲಿ ಅಂಕ ಕಡಿತ ಮಾಡಿದರು. 40 ನಿಮಿಷದ ಅವಧಿಯೊಳಗೆ ಚಿತ್ರ ಮುಗಿಯಲಿಲ್ಲ, ಪುನರಾವರ್ತನೆಯ ಪ್ರಶ್ನೆಗಳಿಗೆ ಸಮಯ ಉಳಿಯಲಿಲ್ಲ ಎಂಬುದು ಅವರ ಟಿಪ್ಪಣಿ. ನಮೂನೆಯ ಪ್ರಕಾರ ಅವರು ಹೇಳಿದ್ದು ಸರಿ. ಆದರೆ ಅಕ್ಕಿಹಿಟ್ಟು 40 ನಿಮಿಷದ ಗಂಟೆ ಕೇಳಿ ಒಣಗುವುದಿಲ್ಲ. ಈ ಅಂಕಗಳ ಭಯದಿಂದಲೇ ನಮ್ಮ ಪ್ರಶಿಕ್ಷಣಾರ್ಥಿಗಳು ಅಂಗಡಿಯ ಚಾರ್ಟಿನ ಕಡೆಗೆ ಹೋಗುತ್ತಾರೆ. ಚಾರ್ಟು ಒಣಗಬೇಕಾಗಿಲ್ಲ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005, ಆಮೇಲೆ ರಾಷ್ಟ್ರೀಯ ಶಿಕ್ಷಣ ನೀತಿ 2020 ಎರಡೂ ಕಲೆಯನ್ನು ಉಳಿದ ವಿಷಯಗಳೊಂದಿಗೆ ಬೆಸೆಯಬೇಕೆಂದು ಹೇಳುತ್ತವೆ. ನಾವು ತರಬೇತಿಯಲ್ಲಿ ಅದನ್ನು ಬೋಧಿಸುತ್ತೇವೆ, ಪರೀಕ್ಷೆಯಲ್ಲಿ ಕೇಳುತ್ತೇವೆ. ಅಭ್ಯಾಸ ಬೋಧನೆಯ ಗಡಿಯಾರ ಮಾತ್ರ ಹಳೆಯದೇ.

ಹೀಗಾಗಿ ನಮ್ಮ ವಿಭಾಗದ ಸಭೆಯಲ್ಲಿ ಮೂರು ಸಲಹೆಗಳನ್ನು ಇಟ್ಟಿದ್ದೇನೆ. ಒಂದು, ವಸ್ತುವಿನೊಂದಿಗೆ ಕೆಲಸ ಮಾಡುವ ಕಲಾಪಾಠಗಳನ್ನು ಎರಡು ಅವಧಿಗಳ ಒಂದೇ ಪಾಠವೆಂದು ಪರಿಗಣಿಸಿ ಒಟ್ಟಿಗೆ ಅಂಕ ನೀಡುವುದು. ಎರಡು, ‘ಕಡಿಮೆ ವೆಚ್ಚದ’ ಎಂಬ ಪದವನ್ನು ನಮೂನೆಯಿಂದ ತೆಗೆದು, ಆ ಜಾಗದಲ್ಲಿ ‘ಈ ವಸ್ತುವಿನ ಬಗ್ಗೆ ಯಾರನ್ನು ಕೇಳಿ ತಿಳಿದುಕೊಂಡಿರಿ?’ ಎಂಬ ಪ್ರಶ್ನೆ ಸೇರಿಸುವುದು. ಮೂರು, ಅಡುಗೆಯವರಾಗಲಿ, ಅಜ್ಜಿಯಾಗಲಿ, ತರಗತಿಯ ಮಗುವೇ ಆಗಲಿ, ಹಾಗೆ ತಿಳಿಸಿಕೊಟ್ಟವರ ಹೆಸರನ್ನು ಅವರ ಒಪ್ಪಿಗೆಯ ಮೇಲೆ ಪಾಠಯೋಜನೆಯಲ್ಲಿ ಬರೆಯುವುದು. ಮೊದಲನೆಯದಕ್ಕೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಎರಡು ಮತ್ತು ಮೂರನ್ನು ಈ ಅವಧಿಯಿಂದ ಜಾರಿಗೆ ತರುತ್ತಿದ್ದೇವೆ.

ಈ ಬಗೆಯ ಪಾಠ ಮಾಡಹೊರಡುವ ಪ್ರಶಿಕ್ಷಣಾರ್ಥಿಗಳಿಗೆ ಒಂದು ಎಚ್ಚರಿಕೆಯ ಮಾತೂ ಇದೆ. ಒಂದು ಸಮುದಾಯದ ಮನೆಯ ಕಲೆಯನ್ನು ತರಗತಿಗೆ ತರುವಾಗ ಆ ಸಮುದಾಯದ ಮಗುವನ್ನು ಎಬ್ಬಿಸಿ ನಿಲ್ಲಿಸಿ, ‘ಇದು ನಿಮ್ಮವರದಲ್ಲವೇ, ನೀನೇ ಹೇಳು’ ಎನ್ನಬೇಡಿ. ಅದು ಗೌರವದಂತೆ ಕಂಡರೂ ಮಗುವಿನ ಬೆನ್ನಿಗೆ ಜಾತಿಯ ಚೀಟಿ ಅಂಟಿಸಿದಂತೆ. ಕೆಲಸ ಎಲ್ಲರ ಮುಂದೆ ಇರಲಿ, ಬಲ್ಲವರು ತಾವಾಗಿ ಮುಂದೆ ಬರಲಿ. ಹಾಳೆಯ ಸೀಳು ಗೊತ್ತಿದ್ದ ಹುಡುಗ ಬಂದದ್ದು ಹಾಗೆ.

ಮುಂದಿನ ಅಭ್ಯಾಸ ಬೋಧನೆಯ ವೇಳಾಪಟ್ಟಿ ಸಿದ್ಧವಾಗುತ್ತಿದೆ. ಆಶ್ವಯುಜ ಮಾಸದ ಭೂಮಿ ಹುಣ್ಣಿಮೆ ಈ ಸಲ ನಮ್ಮ ಶಾಲಾ ವಾರಗಳ ಒಳಗೇ ಬರುತ್ತದೆ. ಹಬ್ಬದ ಹಿಂದಿನ ವಾರ ಊರುಗಳಲ್ಲಿ ಬುಟ್ಟಿಗೆ ಸೆಗಣಿ, ಕೆಮ್ಮಣ್ಣು ಬಳಿದು ಒಣಗಲು ಇಟ್ಟಿರುತ್ತಾರೆ. ಕಲಾಪಾಠ ಆಯ್ದುಕೊಳ್ಳುವವರು ಆ ವಾರ ಪಾಠ ಕೊಡುವುದು ಬೇಡ, ಬುಟ್ಟಿ ಬರೆಯುವವರ ಜಗಲಿಯಲ್ಲಿ ಕುಳಿತು ನೋಡಲಿ, ಒಪ್ಪಿದರೆ ಅಕ್ಕಿ ಅರೆದು ಕೊಡಲಿ. ಪಾಠಯೋಜನೆಯನ್ನು ಹಬ್ಬ ಕಳೆದ ಮೇಲೆ ಬರೆದರೆ ಸಾಕು.